ಮುಚ್ಚಿದ ಡ್ರಮ್ಮಿನೊಳಗಣ ಸವಕಳಿ

ಕಾರಿನ ಭಾಗಗಳಲ್ಲಿ ತನ್ನ ಸವಕಳಿಯನ್ನು ಕೊನೆಯವರೆಗೂ ಹೊರಗೆ ತೋರಗೊಡದೆ ಉಳಿಯುವ ಭಾಗವೆಂದರೆ ಡ್ರಮ್ ಬ್ರೇಕ್. ಟೈರು ಸವೆದರೆ ಬರಿಗಣ್ಣಿಗೆ ಕಾಣುತ್ತದೆ, ಎಂಜಿನ್ ದಣಿದರೆ ಹೊಗೆಯಿಂದಲೋ ಸದ್ದಿನಿಂದಲೋ ತಿಳಿಯುತ್ತದೆ. ಆದರೆ ಎರಕದ ಕಬ್ಬಿಣದ ಡ್ರಮ್ಮಿನೊಳಗೆ ಮುಚ್ಚಿಹೋಗಿರುವ ಬ್ರೇಕ್ ಶೂಗಳು ಎಷ್ಟು ಉಳಿದಿವೆ ಎಂಬುದನ್ನು ಗಾಲಿ ಬಿಚ್ಚಿ, ಡ್ರಮ್ ಎಳೆದು ತೆಗೆಯದ ಹೊರತು ಖಚಿತವಾಗಿ ಹೇಳಲಾಗದು. ಹುಬ್ಬಳ್ಳಿ-ಧಾರವಾಡದಲ್ಲಿ ಇಂದಿಗೂ ಪ್ರೀತಿಯಿಂದ ಉಳಿಸಿಕೊಂಡಿರುವ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳ ಸುರಕ್ಷತೆಯ ಪ್ರಶ್ನೆ ಬಹುಮಟ್ಟಿಗೆ ಈ ಮುಚ್ಚಿದ ಜಾಗದಲ್ಲಿಯೇ ಅಡಗಿದೆ.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಲ್ಲಿ ತಯಾರಿಸಲು ತೊಡಗಿದ ಅಂಬಾಸಿಡರ್, 2014ರಲ್ಲಿ ಉತ್ಪಾದನೆ ನಿಲ್ಲುವವರೆಗೂ ಸರಕಾರಿ ಕಚೇರಿಗಳ ಮತ್ತು ಬಾಡಿಗೆ ಓಡಿಸುವವರ ಕಾರಾಗಿ ಉಳಿಯಿತು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯು 1964ರಿಂದ ತಯಾರಿಸಿದ, ಇಟಲಿಯ ಫಿಯಟ್ 1100ರ ರೂಪವಾದ ಕಾರು ಮುಂದೆ ಪದ್ಮಿನಿ ಎಂಬ ಹೆಸರು ಪಡೆದರೂ ಜನರ ಬಾಯಲ್ಲಿ ‘ಫಿಯಟ್’ ಎಂದೇ ಉಳಿಯಿತು. ಅಂಬಾಸಿಡರ್‌ನ ಕೊನೆಯ ವರ್ಷಗಳ ಕೆಲವು ಮಾದರಿಗಳಿಗೆ ಮುಂದಿನ ಗಾಲಿಗಳಲ್ಲಿ ಡಿಸ್ಕ್ ಬ್ರೇಕ್ ಬಂದಿತಾದರೂ, ಈ ಎರಡೂ ಕಾರುಗಳ ದೀರ್ಘ ಚರಿತ್ರೆಯ ಬಹುಪಾಲು ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕ್ ಇದ್ದ ಕಾಲಕ್ಕೆ ಸೇರಿದೆ.

ಡ್ರಮ್ ಎಂದರೆ ಗಾಲಿಯೊಂದಿಗೆ ಸುತ್ತುವ, ಒಂದು ಬದಿ ತೆರೆದ, ಬೋಗುಣಿಯಾಕಾರದ ಎರಕದ ಭಾಗ. ಅದರ ಒಳಗೆ, ಸುತ್ತದೆ ನಿಂತಿರುವ ಉಕ್ಕಿನ ತಗಡೊಂದರ ಮೇಲೆ ಅರ್ಧಚಂದ್ರದ ಆಕಾರದ ಎರಡು ಉಕ್ಕಿನ ಶೂಗಳು ಎದುರುಬದುರಾಗಿ ಕುಳಿತಿರುತ್ತವೆ. ಈ ತಗಡನ್ನು ಬ್ಯಾಕ್ ಪ್ಲೇಟ್ ಎನ್ನುತ್ತಾರೆ. ಶೂಗಳ ಹೊರಬಾಗಿಗೆ ರಿವೆಟ್ ಹೊಡೆದೋ ಅಂಟಿಸಿಯೋ ಕೂರಿಸಿದ ಘರ್ಷಣೆಯ ಪಟ್ಟಿಯೇ ಲೈನಿಂಗ್. ಸವೆಯುವುದು ಇದೇ, ಸವೆಯಲೆಂದೇ ಇದನ್ನು ಮಾಡಿರುವುದು. ಚಾಲಕ ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಎಂಬ ಪಂಪು ಬ್ರೇಕ್ ಆಯಿಲನ್ನು ಸಣ್ಣ ಲೋಹದ ಕೊಳವೆಗಳ ಮೂಲಕ ಪ್ರತಿಯೊಂದು ಗಾಲಿಗೂ ತಳ್ಳುತ್ತದೆ, ಅಲ್ಲಿರುವ ವ್ಹೀಲ್ ಸಿಲಿಂಡರಿನ ಪಿಸ್ಟನ್‌ಗಳು ಶೂಗಳನ್ನು ಹೊರಕ್ಕೆ ಅಗಲಿಸುತ್ತವೆ, ಲೈನಿಂಗು ಸುತ್ತುವ ಡ್ರಮ್ಮಿನ ಒಳಮೈಗೆ ಒರಸಿಕೊಳ್ಳುತ್ತದೆ. ಕಾಲು ತೆಗೆದಾಗ ಬಿಗಿಯಾದ ಸ್ಪ್ರಿಂಗುಗಳು ಶೂಗಳನ್ನು ಮರಳಿ ಒಳಕ್ಕೆಳೆಯುತ್ತವೆ. ಗಾಲಿಯ ಹೊರಮೈಗೆ ಮರದ ತುಂಡೊತ್ತಿ ಗಾಡಿ ತಡೆಯುವ ಹಳೆಯ ಉಪಾಯವನ್ನು ಒಳಗುಹೊರಗು ಮಾಡಿದರೆ ಡ್ರಮ್ ಬ್ರೇಕಿನ ತತ್ವ ಸಿಗುತ್ತದೆ. ಮೋಟಾರು ಕಾರಿನಲ್ಲಿ ಅದು ನೆಲೆಗೊಂಡದ್ದರ ಶ್ರೇಯಸ್ಸು ಸಾಮಾನ್ಯವಾಗಿ 1902ರ ಫ್ರಾನ್ಸಿನ ಲೂಯಿ ರೆನೊಗೆ ಸಲ್ಲುತ್ತದೆ. ಸವೆಯುವ ಲೈನಿಂಗಿನ ಕಥೆಯಾದರೋ ಕುದುರೆಗಾಡಿಗಳ ಕಾಲದ್ದು. ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಬೆಟ್ಟದ ದಾರಿ ಇಳಿಯುವ ಬಂಡಿಗಳಿಗಾಗಿ ಘರ್ಷಣೆಯ ತುಂಡುಗಳನ್ನು ಮಾಡತೊಡಗಿದ್ದು 1897ರಲ್ಲಿ.

ಎರಡೂ ಶೂಗಳು ನೋಡಲು ಒಂದೇ ಬಗೆಯವಾದರೂ ಅವುಗಳ ದುಡಿಮೆ ಸಮನಾಗಿರುವುದಿಲ್ಲ ಎಂಬುದು ಪರಿಶೀಲನೆಗೆ ತೊಡಗುವವರು ಮೊದಲು ತಿಳಿಯಬೇಕಾದ ಸಂಗತಿ. ಡ್ರಮ್ ಸುತ್ತುವ ದಿಕ್ಕಿನಲ್ಲಿಯೇ ಒತ್ತಲ್ಪಡುವ ಶೂವನ್ನು ಡ್ರಮ್ಮು ತನ್ನೊಡನೆ ಎಳೆದುಕೊಂಡು ಇನ್ನಷ್ಟು ಬಿಗಿಯಾಗಿ ತನ್ನ ಮೈಗೆ ಸೆಳೆದುಕೊಳ್ಳುತ್ತದೆ. ಇದು ಲೀಡಿಂಗ್ ಶೂ, ಅಂದರೆ ಮುಂಚೂಣಿಯ ಶೂ. ಇನ್ನೊಂದನ್ನು ಅದೇ ಸುತ್ತು ದೂರ ತಳ್ಳುತ್ತದೆ. ಇದು ಟ್ರೇಲಿಂಗ್ ಶೂ, ಹಿಂಬಾಲಿಸುವ ಶೂ. ಸಿಲಿಂಡರ್ ಒಂದೇ ಇರುವ ಹಿಂದಿನ ಗಾಲಿಯಲ್ಲಿ ಮುಂಚೂಣಿಯ ಶೂವೇ ಹೆಚ್ಚು ಸವೆಯುವುದರಿಂದ, ಹಿಂಬಾಲಿಸುವ ಶೂವನ್ನಷ್ಟೇ ನೋಡಿ ಲೈನಿಂಗ್ ಇನ್ನೂ ದಪ್ಪವಾಗಿದೆ ಎಂದು ನಿರ್ಧರಿಸುವುದು ತಪ್ಪಾಗುತ್ತದೆ. ಆ ಕಾಲದ ಹಲವು ಕಾರುಗಳ ಮುಂದಿನ ಗಾಲಿಯಲ್ಲಿ ಶೂಗೊಂದರಂತೆ ಎರಡು ಸಿಲಿಂಡರ್‌ಗಳನ್ನಿಟ್ಟು ಎರಡನ್ನೂ ಮುಂಚೂಣಿಯ ಶೂಗಳನ್ನಾಗಿ ಮಾಡಿರುವುದರಿಂದ ಮುಂದೆ ಹೋಗುವಾಗ ಹಿಡಿತ ಬಲವಾಗಿರುತ್ತದೆ. ಆದರೆ ಕಾರು ಹಿಂದಕ್ಕೆ ಜಾರಿದಾಗ ಆ ಎರಡೂ ಹಿಂಬಾಲಿಸುವ ಶೂಗಳಾಗಿ ಮಾರ್ಪಡುವುದರಿಂದ, ಏರಿನಲ್ಲಿ ನಿಂತ ಕಾರಿಗೆ ಹಿಂದಿನ ಗಾಲಿಗಳ ಹ್ಯಾಂಡ್‌ಬ್ರೇಕ್ ಎಷ್ಟು ಮುಖ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬ್ರೇಕ್ ಎಂದರೆ ವೇಗವನ್ನು ಶಾಖವನ್ನಾಗಿ ಪರಿವರ್ತಿಸುವ ಯಂತ್ರ. ಸುಮಾರು 1,200 ಕಿಲೊ ತೂಕದ ಕಾರು ಗಂಟೆಗೆ 60 ಕಿಲೊಮೀಟರ್ ವೇಗದಿಂದ ಪೂರ್ತಿ ನಿಲ್ಲುವಾಗ ಹುಟ್ಟುವ ಶಾಖ, ಅರ್ಧ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಅದೇ ಕಾರು 300 ಮೀಟರ್ ಎತ್ತರದ ಘಟ್ಟವನ್ನು ಬರೀ ಬ್ರೇಕಿನ ಬಲದಿಂದ ಇಳಿದರೆ ಹುಟ್ಟುವ ಶಾಖ ಸುಮಾರು 11 ಲೀಟರ್ ನೀರನ್ನು ಕುದಿಸುವಷ್ಟಾಗುತ್ತದೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರ್‌ಗಿಂತ ಎತ್ತರದಲ್ಲಿದೆ, ಯಲ್ಲಾಪುರ ದಾಟಿ ಅರಬೈಲ್ ಘಟ್ಟದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ ಅಂಕೋಲೆಯ ಬಳಿ ಕಡಲ ದಂಡೆ ಸೇರುತ್ತದೆ. ಹಾಗಾಗಿ ಕರಾವಳಿಗೆ ಹೊರಟ ಇಲ್ಲಿಯ ಪ್ರತಿಯೊಂದು ಹಳೆಯ ಕಾರೂ ಆ ಎತ್ತರವನ್ನು ಎಲ್ಲಿಯಾದರೂ ಶಾಖವಾಗಿ ಕಳೆಯಲೇಬೇಕು. ಡಿಸ್ಕ್ ಬ್ರೇಕಿನ ತಟ್ಟೆ ಗಾಳಿಗೆ ತೆರೆದುಕೊಂಡು ಬೇಗ ತಣಿಯುತ್ತದೆ, ಡ್ರಮ್ಮಿನ ಶಾಖವೋ ಒಳಗೇ ಸಿಕ್ಕಿಕೊಳ್ಳುತ್ತದೆ. ಶಾಖ ಏರಿದಂತೆ ಲೈನಿಂಗಿನ ಹಿಡಿತ ಕುಗ್ಗುತ್ತದೆ, ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಈ ಸೋಲನ್ನು ಫೇಡ್ ಎನ್ನುತ್ತಾರೆ. ಘಟ್ಟವನ್ನು ಯಾವ ಗೇರಿನಲ್ಲಿ ಏರುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಚಾಲಕರ ನಿಯಮವು ಆ ಶಾಖದ ದೊಡ್ಡ ಪಾಲನ್ನು ಎಂಜಿನ್ನಿಗೆ ಹೊರಿಸುವ ಉಪಾಯವೇ ಆಗಿದ್ದು, ಇಂದಿಗೂ ಅದಕ್ಕಿಂತ ಉತ್ತಮವಾದ ಸಲಹೆಯಿಲ್ಲ.

ಅವಳಿ ನಗರದ ಸುತ್ತಲಿನ ನೆಲ ಮತ್ತು ಹವೆ ಡ್ರಮ್ಮಿನೊಳಗೆ ತಮ್ಮ ಗುರುತನ್ನು ಬಿಡುತ್ತವೆ. ಧಾರವಾಡದ ಮಳೆಗಾಲದಲ್ಲಿ ದಿನಗಟ್ಟಲೆ ಹಿಡಿದ ಜಿಟಿಜಿಟಿ ಮಳೆಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ ಕಾರಿನ ಲೈನಿಂಗು ತುಕ್ಕಿನಿಂದ ಡ್ರಮ್ಮಿಗೆ ಕಚ್ಚಿಕೊಂಡು, ಮಳೆ ನಿಂತ ಮೇಲೆ ಗಾಲಿಯೇ ಸುತ್ತದಂತಾಗುವುದುಂಟು. ಬಹುದಿನ ನಿಲ್ಲಿಸುವ ಕಾರನ್ನು ಸಮತಟ್ಟಾದ ಜಾಗದಲ್ಲಿ ಗೇರಿಗೆ ಹಾಕಿ, ಗಾಲಿಗೆ ಕಲ್ಲಿನ ಅಥವಾ ಮರದ ಒತ್ತು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟಿರುವುದೇ ಲೇಸು. ನೀರು ನಿಂತ ರಸ್ತೆ ದಾಟಿದ ಮೇಲೆ ಡ್ರಮ್ಮಿನೊಳಗೆ ಉಳಿದ ನೀರು ಒಣಗುವವರೆಗೆ ಬ್ರೇಕ್ ಹಿಡಿಯುವುದಿಲ್ಲವಾದ್ದರಿಂದ, ಸ್ವಲ್ಪ ದೂರ ನಿಧಾನವಾಗಿ ಸಾಗುತ್ತ ಪೆಡಲನ್ನು ಹಗುರಾಗಿ ಒತ್ತಿ ಒಣಗಿಸಿಕೊಳ್ಳಬೇಕಾಗುತ್ತದೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಗಳ ಎರೆ ನೆಲದ ದಾರಿಗಳಲ್ಲಿ ಬೇಸಗೆಯ ನುಣುಪಾದ ಧೂಳು ಬ್ಯಾಕ್ ಪ್ಲೇಟಿನ ಅಂಚಿನಿಂದ ಒಳಸೇರಿ ಲೈನಿಂಗಿನ ಪುಡಿಯೊಡನೆ ಬೆರೆತು ಕೂರುತ್ತದೆ. ಹುಬ್ಬಳ್ಳಿಯ ಪೇಟೆಯೊಳಗೆ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ ಸಾಗುವ ಕಾರಿಗೆ ಘಟ್ಟದ ಶಾಖವಿಲ್ಲದಿದ್ದರೂ ಸವೆತ ತಪ್ಪಿದ್ದಲ್ಲ.

ಪೆಡಲ್ ಮೇಲೆಯೇ ನಿಲ್ಲುತ್ತದೆ, ಆದ್ದರಿಂದ ಬ್ರೇಕ್ ಚೆನ್ನಾಗಿದೆ ಎಂಬ ನಂಬಿಕೆ ಇಂತಹ ಕಾರುಗಳ ವಿಷಯದಲ್ಲಿ ಬಹಳ ಅಪಾಯಕರವಾದದ್ದು. ಈ ಕಾರುಗಳಲ್ಲಿ ಲೈನಿಂಗ್ ಸವೆದಂತೆ ಶೂ ಮತ್ತು ಡ್ರಮ್ಮಿನ ನಡುವಿನ ಅಂತರ ಹೆಚ್ಚಿ ಪೆಡಲ್ ಕೆಳಗಿಳಿಯುತ್ತದೆ, ಆಗ ಅಡ್ಜಸ್ಟರ್ ತಿರುಗಿಸಿ ಶೂಗಳನ್ನು ಹೊರಕ್ಕೆ ಸರಿಸಿದರೆ ಪೆಡಲ್ ಮತ್ತೆ ಮೇಲೇರುತ್ತದೆ. ಹೀಗೆ ಬ್ರೇಕ್ ಟೈಟ್ ಮಾಡಿಸುತ್ತ ಹೋದರೆ ಲೈನಿಂಗ್ ರಿವೆಟ್ಟಿನ ತಲೆಗೆ ಬಂದು ನಿಂತರೂ ಪೆಡಲ್ ಮೊದಲಿನ ಎತ್ತರದಲ್ಲಿಯೇ ಇರುತ್ತದೆ. ಟೈಟ್ ಮಾಡಿಸಿದ್ದನ್ನು ರಿಪೇರಿ ಎಂದು ತಿಳಿಯುವುದು ಜ್ವರದ ಕಾರಣ ಹುಡುಕದೆ ಮೈ ತಣ್ಣಗಾಗಿಸಿದಂತೆ. ಇದಲ್ಲದೆ ಕಾರು ಒಂದು ಬದಿಗೆ ಎಳೆಯುವುದು, ಬ್ರೇಕ್ ಒತ್ತಿದಾಗ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಸದ್ದು ಬರುವುದು, ಪೆಡಲ್ ಕಾಲಿನಡಿ ಅದುರುವುದು, ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಮಟ್ಟ ಇಳಿಯುತ್ತ ಹೋಗುವುದು, ಇವೆಲ್ಲ ತಡಮಾಡದೆ ಡ್ರಮ್ ಬಿಚ್ಚಬೇಕೆಂಬ ಸೂಚನೆಗಳು. ಹಳೆಯ ಮಾದರಿಗಳಲ್ಲಿ ನಾಲ್ಕೂ ಗಾಲಿಗಳಿಗೆ ಒಂದೇ ಆಯಿಲ್ ಮಾರ್ಗವಿರುವುದರಿಂದ ಒಂದು ಗಾಲಿಯಲ್ಲಿ ಸೋರಿದರೆ ನಾಲ್ಕರ ಬ್ರೇಕೂ ಹೋಗುತ್ತದೆ ಎಂಬುದನ್ನು ನೆನೆದರೆ, ಸೋರಿಕೆಯ ಗುರುತನ್ನು ಯಾರೂ ಹಗುರಾಗಿ ಕಾಣಲಾರರು.

ಬಿಚ್ಚುವ ಕೆಲಸ ಸಮತಟ್ಟಾದ ಗಟ್ಟಿ ನೆಲದ ಮೇಲೆ ನಡೆಯಬೇಕು. ಗಾಲಿ ನೆಲದ ಮೇಲಿರುವಾಗಲೇ ಅದರ ನಟ್ಟುಗಳನ್ನು ಸಡಿಲಿಸಿ, ಉಳಿದ ಗಾಲಿಗಳಿಗೆ ಒತ್ತು ಕೊಟ್ಟು, ಆಮೇಲೆ ಜಾಕ್ ಏರಿಸಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕಾರಿನ ಭಾರ ಕೂರಿಸಬೇಕು. ಜಾಕ್ ಎತ್ತುವುದಕ್ಕಷ್ಟೇ ಹೊರತು ಹೊರುವುದಕ್ಕಲ್ಲ. ಹಿಂದಿನ ಡ್ರಮ್ಮಾದರೆ ಹ್ಯಾಂಡ್‌ಬ್ರೇಕ್ ಬಿಟ್ಟು, ಅಡ್ಜಸ್ಟರನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಶೂಗಳನ್ನು ಒಳಕ್ಕೆ ಸರಿಸಿಕೊಳ್ಳಬೇಕು. ಬಹಳ ವರ್ಷ ಓಡಿದ ಡ್ರಮ್ಮಿನ ಒಳಮೈ ಸವೆದು ಬಾಯಂಚಿನಲ್ಲಿ ಸವೆಯದ ಏಣೊಂದು ಉಳಿದಿರುತ್ತದೆ, ಆ ಏಣು ಶೂಗಳಿಗೆ ತಾಗಿ ಡ್ರಮ್ ಹೊರಬರದಂತೆ ತಡೆಯುತ್ತದೆ. ಇದನ್ನರಿಯದೆ ಸುತ್ತಿಗೆಯಿಂದ ಅಂಚಿಗೆ ಬಡಿದರೆ ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಹೊರಗಿನಿಂದ ನಡುವಿನ ಸಂದಿಗೆ ಮಾತ್ರ ಹನಿಸಿ, ಮರದ ಸುತ್ತಿಗೆಯಿಂದ ಮೆಲ್ಲನೆ ಸುತ್ತಲೂ ತಟ್ಟುತ್ತ ಸರಿಸುವುದು ತಾಳ್ಮೆಯ ಕೆಲಸ.

ಡ್ರಮ್ ಹೊರಬಂದ ಕ್ಷಣದಲ್ಲಿ ಕಾಣುವ ಕಪ್ಪು ಪುಡಿಯನ್ನು ಊದಿ ಹಾರಿಸುವುದು ಗ್ಯಾರೇಜುಗಳಲ್ಲಿ ಕೈಗೆ ಕೂತುಬಿಟ್ಟಿರುವ ರೂಢಿ, ಮತ್ತು ಇದು ಬಿಡಲೇಬೇಕಾದ ರೂಢಿ. ಇಪ್ಪತ್ತನೆಯ ಶತಮಾನದ ಬಹುಕಾಲ ಲೈನಿಂಗುಗಳನ್ನು ಶಾಖ ತಡೆಯುವ ಖನಿಜ ನಾರಾದ ಆಸ್ಬೆಸ್ಟಾಸ್ ಬೆರೆಸಿಯೇ ತಯಾರಿಸುತ್ತಿದ್ದರು. ಆ ನಾರಿನ ಕಣ್ಣಿಗೆ ಕಾಣದ ಎಳೆಗಳು ಉಸಿರಿನೊಡನೆ ಶ್ವಾಸಕೋಶ ಸೇರಿದರೆ ದಶಕಗಳ ನಂತರ ಕ್ಯಾನ್ಸರ್ ತರಬಲ್ಲವೆಂಬುದು ವೈದ್ಯಲೋಕ ಒಪ್ಪಿದ ಸತ್ಯ. ಹಳೆಯ ಕಾರಿನ ಲೈನಿಂಗು ಯಾವ ಕಾಲದ್ದೆಂದು ನೋಟಕ್ಕೆ ತಿಳಿಯದಿರುವುದರಿಂದ, ಅದರಲ್ಲಿ ಆಸ್ಬೆಸ್ಟಾಸ್ ಇದೆಯೆಂದೇ ಭಾವಿಸಿ, ಏರ್ ಪಂಪನ್ನಾಗಲಿ ಒಣ ಬ್ರಷನ್ನಾಗಲಿ ಬಳಸದೆ, ಸೋಪಿನ ನೀರು ಚಿಮುಕಿಸಿ ಪುಡಿಯನ್ನು ಹಸಿ ಮಾಡಿ ಒರಸಿ ತೆಗೆದು, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು, ಧೂಳು ಸೋಸಬಲ್ಲ ಒಳ್ಳೆಯ ಮುಖಗವಸು ಹಾಕಿಕೊಳ್ಳಬೇಕು. ದಿನಕ್ಕೆ ಹತ್ತಾರು ಡ್ರಮ್ ಬಿಚ್ಚುವ ಕೆಲಸಗಾರರ, ಅದರಲ್ಲೂ ಪಕ್ಕದಲ್ಲಿ ನಿಂತು ಕೆಲಸ ಕಲಿಯುವ ಹುಡುಗರ ಆರೋಗ್ಯದ ದೃಷ್ಟಿಯಿಂದ, ಬ್ರೇಕ್ ಕೆಲಸದ ಯಾವ ಕುಶಲತೆಗಿಂತಲೂ ಈ ಎಚ್ಚರ ಮೊದಲು ಬರಬೇಕು.

ಹಸನಾದ ಶೂವನ್ನು ಬೆಳಕಿಗೆ ಹಿಡಿದು ನೋಡಿದರೆ ಆ ಗಾಲಿಯ ಚರಿತ್ರೆಯೇ ಅಲ್ಲಿ ತೆರೆದುಕೊಳ್ಳುತ್ತದೆ. ಸಮನಾಗಿ ಸವೆದು ಮಂಕು ಬೂದುಬಣ್ಣಕ್ಕೆ ತಿರುಗಿದ ಲೈನಿಂಗು ಆರೋಗ್ಯದ ಲಕ್ಷಣ. ಕನ್ನಡಿಯಂತೆ ಹೊಳೆಯುವ ಕಪ್ಪು ಮೈಯಿದ್ದರೆ ಅದು ಅತಿಯಾದ ಶಾಖಕ್ಕೆ ಬೆಂದು ಗಟ್ಟಿಯಾಗಿದೆ ಎಂದರ್ಥ. ರಿವೆಟ್ ಹೊಡೆದ ಲೈನಿಂಗಿನಲ್ಲಿ ರಿವೆಟ್ಟಿನ ತಲೆ ಕುಳಿಯ ಆಳದಲ್ಲಿರುತ್ತದೆ. ತಲೆಯ ಮೇಲೆ ಉಳಿದ ದಪ್ಪ ಒಂದೂವರೆ ಮಿಲಿಮೀಟರ್‌ಗೆ ಇಳಿದಿದ್ದರೆ ಬದಲಿಸುವ ಕಾಲ ಬಂದಿತೆಂದೇ ತಿಳಿಯಬೇಕು, ಏಕೆಂದರೆ ರಿವೆಟ್ ಒಮ್ಮೆ ಡ್ರಮ್ಮಿಗೆ ತಾಗಿತೆಂದರೆ ಡ್ರಮ್ಮಿನ ಮೈಮೇಲೆ ನೇಗಿಲ ಸಾಲಿನಂತೆ ಗೆರೆ ಕೊರೆಯುತ್ತದೆ. ಲೈನಿಂಗು ಒದ್ದೆಯಾಗಿದ್ದರೆ ಒದ್ದೆ ಯಾವುದರದ್ದೆಂದು ಹುಡುಕಬೇಕು: ತೆಳ್ಳಗಿದ್ದು ಸುತ್ತಲಿನ ಬಣ್ಣವನ್ನೂ ಕಿತ್ತಿದ್ದರೆ ಅದು ವ್ಹೀಲ್ ಸಿಲಿಂಡರಿನಿಂದ ಸೋರಿದ ಬ್ರೇಕ್ ಆಯಿಲ್, ಹಿಂದಿನ ಗಾಲಿಯಲ್ಲಿ ಮಂದವಾಗಿದ್ದು ಗಂಧಕದ ಘಾಟು ಹೊಡೆಯುತ್ತಿದ್ದರೆ ಅದು ಆಕ್ಸಲ್ಲಿನ ಆಯಿಲ್ ಸೀಲ್ ಹಾಳಾಗಿ ಬಂದ ಗೇರ್ ಆಯಿಲ್. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಸುಟ್ಟು ಮರಳಿ ಹಾಕುವ ಪದ್ಧತಿಯನ್ನು ಒಪ್ಪಲಾಗದು. ಒಳಗಿಳಿದ ಎಣ್ಣೆ ಮೊದಲ ಶಾಖಕ್ಕೇ ಮತ್ತೆ ಮೇಲೆ ಬರುತ್ತದೆ. ಸೋರಿಕೆಯ ಮೂಲ ಸರಿಪಡಿಸದೆ ಹೊಸ ಶೂ ಹಾಕಿದರೆ ಅದೂ ಕೆಲವೇ ದಿನಗಳಲ್ಲಿ ಅದೇ ಗತಿ ಕಾಣುತ್ತದೆ.

ಶೂಗಳಷ್ಟೇ ಗಮನವನ್ನು ಡ್ರಮ್ಮಿಗೂ ಕೊಡಬೇಕು. ಆಳವಾದ ಗೆರೆಗಳು, ಶಾಖದಿಂದ ನೀಲಿಗಟ್ಟಿದ ಮಚ್ಚೆಗಳು, ಕೂದಲೆಳೆಯ ಬಿರುಕುಗಳು, ಒಂದೆಡೆ ಹೆಚ್ಚು ಸವೆದು ಮೊಟ್ಟೆಯಾಕಾರ ತಾಳಿದ ಸುತ್ತು, ಇವೆಲ್ಲವನ್ನೂ ನೋಡಿ ಅಳೆಯಬೇಕು. ಬಿರುಕು ಬಿಟ್ಟ ಡ್ರಮ್ಮಿಗೆ ರಿಪೇರಿಯಿಲ್ಲ. ಗೆರೆ ಬಿದ್ದದ್ದನ್ನು ಲೇಥಿನಲ್ಲಿ ಕೂರಿಸಿ ಒಳಮೈ ಹೆರೆಯಿಸಬಹುದು, ಆದರೆ ಪ್ರತಿ ಹೆರೆತಕ್ಕೂ ಡ್ರಮ್ ತೆಳ್ಳಗಾಗಿ ಶಾಖ ಹೀರುವ ಶಕ್ತಿ ಕಡಿಮೆಯಾಗುವುದರಿಂದ ತಯಾರಕರು ನಿಗದಿಪಡಿಸಿದ ಗರಿಷ್ಠ ವ್ಯಾಸವನ್ನು ಮೀರುವಂತಿಲ್ಲ. ಒಂದು ಆಕ್ಸಲ್ಲಿನ ಎರಡೂ ಡ್ರಮ್ಮುಗಳನ್ನು ಸಮನಾಗಿ ಹೆರೆಯಿಸದಿದ್ದರೆ ಕಾರು ಬದಿಗೆಳೆಯುವ ದೋಷ ತಪ್ಪುವುದಿಲ್ಲ. ಹೆರೆದು ಅಗಲವಾದ ಡ್ರಮ್ಮಿನ ಬಾಗು ಮೂಲ ಅಳತೆಯ ಶೂವಿನ ಬಾಗಿಗೆ ಹೊಂದುವುದಿಲ್ಲ, ಶೂ ನಡುವಿನಲ್ಲಿ ಮಾತ್ರ ತಾಗುತ್ತದೆ. ಹೊಸ ಶೂ ಹಾಕಿಸಿದ ಮೇಲೂ ‘ಬ್ರೇಕ್ ಹಿಡಿಯವಲ್ದು’ ಎಂಬ ದೂರು ಬಂದರೆ ಅದರ ಹಿಂದೆ ಈ ಬಾಗಿನ ಹೊಂದಾಣಿಕೆ ಇಲ್ಲದಿರುವುದೂ ಒಂದು ಕಾರಣವಾಗಿರಬಹುದು.

ಇಲ್ಲಿ ಹುಬ್ಬಳ್ಳಿಗೆ ಒಂದು ಅನುಕೂಲವಿದೆ. 1997ರಲ್ಲಿ ರೂಪುಗೊಂಡ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ಇಲ್ಲಿ, ಧಾರವಾಡದ ಕೈಗಾರಿಕಾ ಪ್ರದೇಶದಲ್ಲಿ ಬಸ್ಸುಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆಯಿದೆ, ಲಾರಿ ಸಾರಿಗೆಯಲ್ಲಂತೂ ಈ ಊರಿಗೆ ದಶಕಗಳ ಹೆಸರಿದೆ. ಬಸ್ಸು ಲಾರಿಗಳಲ್ಲಿ ಗಾಳಿಯ ಒತ್ತಡದಿಂದ ಕೆಲಸ ಮಾಡುವ ಡ್ರಮ್ ಬ್ರೇಕುಗಳೇ ಇಂದಿಗೂ ಬಹುಪಾಲು ಇರುವುದರಿಂದ, ಹಳೆಯ ಲೈನಿಂಗು ಕಳಚಿ ಶೂವಿಗೆ ಹೊಸದನ್ನು ರಿವೆಟ್ ಹೊಡೆಯುವ ವಿದ್ಯೆ ಕಾರುಗಳ ಪಾಲಿಗೆ ಅಪರೂಪವಾದರೂ ಊರಿನಿಂದ ಮರೆಯಾಗಿಲ್ಲ. ಅಂಬಾಸಿಡರ್, ಪದ್ಮಿನಿಗಳ ಉತ್ಪಾದನೆ ನಿಂತುಹೋಗಿ ಒಳ್ಳೆಯ ಗುಣಮಟ್ಟದ ಹೊಸ ಶೂ ಸಿಗುವುದು ಕಷ್ಟವಾಗಿರುವಾಗ, ಮೂಲ ಕಾರ್ಖಾನೆಯ ಉಕ್ಕಿನ ಶೂಗಳನ್ನು ಗುಜರಿಗೆ ಹಾಕದೆ ಉಳಿಸಿಕೊಂಡು ಲೈನಿಂಗ್ ಮಾತ್ರ ಹೊಸದಾಗಿಸುವುದು ಎಷ್ಟೋ ಮೇಲು. ಈ ಕೆಲಸದಲ್ಲಿ ಮೊದಲ ರಿವೆಟ್ ನಡುವಿನಲ್ಲಿ ಬೀಳಬೇಕು, ಅಲ್ಲಿಂದ ಎರಡೂ ತುದಿಗಳತ್ತ ಸಾಗಬೇಕು. ತುದಿಯಿಂದ ಆರಂಭಿಸಿದರೆ ಪಟ್ಟಿ ನಡುವೆ ಉಬ್ಬಿ ಉಕ್ಕಿನ ಮೈಗೆ ಪೂರ್ತಿ ಕೂರುವುದಿಲ್ಲ. ಕೂರಿಸಿದ ಮೇಲೆ ಲೈನಿಂಗನ್ನು ಡ್ರಮ್ಮಿನ ಬಾಗಿಗೆ ತಕ್ಕಂತೆ ಉಜ್ಜಿಸಿಕೊಳ್ಳಬೇಕು.

ಶೂ ಬದಲಿಸುವಾಗ ಒಂದು ಆಕ್ಸಲ್ಲಿನ ಎರಡೂ ಗಾಲಿಗಳ ನಾಲ್ಕೂ ಶೂಗಳನ್ನು ಬದಲಿಸಬೇಕು, ಆದರೆ ಒಮ್ಮೆಗೆ ಒಂದೇ ಬದಿಯನ್ನು ಬಿಚ್ಚಬೇಕು; ಯಾವ ಸ್ಪ್ರಿಂಗ್ ಯಾವ ತೂತಿಗೆ, ಶೂವಿನ ಮುಂದೋ ಹಿಂದೋ ಎಂಬ ಗೊಂದಲ ಬಂದಾಗ ಬಿಚ್ಚದ ಬದಿಯೇ ಕನ್ನಡಿಯಂತೆ ದಾರಿ ತೋರುತ್ತದೆ. ಸ್ಪ್ರಿಂಗುಗಳು ಕೈತಪ್ಪಿದರೆ ಕಣ್ಣಿಗೇ ಹಾರುವಷ್ಟು ಬಿಗಿಯಾಗಿರುವುದರಿಂದ ಕನ್ನಡಕ ಕಡ್ಡಾಯ. ಶೂ ತೆಗೆದೊಡನೆ ಪಿಸ್ಟನ್‌ಗಳು ಹೊರಗೆ ಬೀಳದಂತೆ ವ್ಹೀಲ್ ಸಿಲಿಂಡರಿಗೆ ತಂತಿಯಿಂದ ಕಟ್ಟು ಹಾಕಿ, ಅದರ ರಬ್ಬರ್ ಮುಚ್ಚಳದ ಅಂಚು ಎತ್ತಿ ನೋಡಿದಾಗ ಒಳಗೆ ಆಯಿಲ್ ಕಂಡರೆ ರಬ್ಬರ್ ಕಿಟ್ಟನ್ನೋ ಸಿಲಿಂಡರನ್ನೋ ಬದಲಿಸಬೇಕು. ಬ್ಯಾಕ್ ಪ್ಲೇಟಿನ ಮೇಲೆ ಶೂವಿನ ಅಂಚು ಜಾರಾಡುವ ಉಬ್ಬುಗಳನ್ನು ತುಕ್ಕಿಲ್ಲದಂತೆ ಉಜ್ಜಿ, ಹೆಚ್ಚು ಶಾಖ ತಡೆಯುವ ಗ್ರೀಸನ್ನು ಉಗುರಿನಲ್ಲಿ ಹಿಡಿಯುವಷ್ಟು ಮಾತ್ರ ಸವರಿದರೆ ಸಾಕು. ಅದೇ ಕೈಯಿಂದ ಲೈನಿಂಗನ್ನು ಮುಟ್ಟಬಾರದು.

ಡ್ರಮ್ ಮರಳಿ ಕೂರಿಸಿದ ಮೇಲೆ ಅಡ್ಜಸ್ಟರನ್ನು ಗಾಲಿ ಸುತ್ತದಂತಾಗುವವರೆಗೆ ಬಿಗಿದು, ನಡುವೆ ಒಮ್ಮೆ ಪೆಡಲ್ ಒತ್ತಿ ಶೂಗಳನ್ನು ನೇರವಾಗಿಸಿಕೊಂಡು, ಗಾಲಿ ಸರಾಗವಾಗಿ ಸುತ್ತುವವರೆಗೆ ಹಿಂದಕ್ಕೆ ಸಡಿಲಿಸಬೇಕು. ಹ್ಯಾಂಡ್‌ಬ್ರೇಕಿನ ಕೇಬಲ್ಲಿನ ಸರದಿ ಇದಾದ ಮೇಲೆಯೇ. ಆಯಿಲ್ ಮಾರ್ಗ ಬಿಚ್ಚಿದ್ದರೆ ಒಳಸೇರಿದ ಗಾಳಿಯನ್ನು, ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ ‘ಏರ್’ ಅನ್ನು, ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಗಾಲಿಯಿಂದ ಆರಂಭಿಸಿ ತೆಗೆಯುವುದು ವಾಡಿಕೆ. ಚಾಲಕ ಬಲಗಡೆ ಕೂರುವ ನಮ್ಮ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಎಡ ಹಿಂದಿನ ಗಾಲಿ. ಬ್ರೇಕ್ ಆಯಿಲ್ ಎಂಬ ಹೆಸರಿದ್ದರೂ ಅದು ಎಂಜಿನ್ ಆಯಿಲಿನ ಜಾತಿಯದಲ್ಲ, ಎಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ: ಡಾಟ್ 3 ಎಂಬ ದರ್ಜೆಗೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಕುದಿಬಿಂದು ತೇವ ಹೀರಿದ ಮೇಲೆ 140 ಡಿಗ್ರಿಯವರೆಗೂ ಇಳಿಯಬಹುದು, ಮತ್ತು ಕುದಿದ ಆಯಿಲಿನ ಆವಿ ಪೆಡಲಿನಡಿ ಬರೀ ಗಾಳಿಯಂತೆ ಕುಗ್ಗುತ್ತದೆ. ಬಾಯಿ ತೆರೆದು ಮಳೆಗಾಲ ಕಳೆದ ಡಬ್ಬಿಯ ಆಯಿಲನ್ನು ಘಟ್ಟ ಇಳಿಯುವ ಕಾರಿಗೆ ಹಾಕಬಾರದೆನ್ನುವುದು ಇದಕ್ಕಾಗಿಯೇ.

ಹೊಸ ಲೈನಿಂಗು ಕೂಡಲೇ ಪೂರ್ತಿ ಹಿಡಿಯುವುದಿಲ್ಲ. ಮೊದಲ ಪರೀಕ್ಷೆಯನ್ನು ವಾಹನ ಸಂಚಾರವಿಲ್ಲದ ರಸ್ತೆಯಲ್ಲಿ, ನಡೆಯುವಷ್ಟೇ ವೇಗದಲ್ಲಿ ಮಾಡಿ, ಅನಂತರ ಎರಡು ಮೂರು ನೂರು ಕಿಲೊಮೀಟರ್ ದೂರ ಅವಳಿ ನಗರಗಳ ನಡುವಿನಂತಹ ಹೆಚ್ಚು ಇಳಿಜಾರಿಲ್ಲದ ರಸ್ತೆಗಳಲ್ಲಿ ಹದವಾಗಿ ಬ್ರೇಕ್ ಒತ್ತುತ್ತ, ನಡುನಡುವೆ ಡ್ರಮ್ ತಣಿಯಲು ಬಿಡುತ್ತ ಓಡಿಸಬೇಕು. ಅಲ್ಲಿಯವರೆಗೆ ಅರಬೈಲಿನ ದಾರಿ ಹಿಡಿಯುವುದು ಬೇಡ. ಅಷ್ಟು ಓಡಿದ ಮೇಲೆ ಪೆಡಲ್ ಸ್ವಲ್ಪ ಇಳಿದಿರುವುದು ಸಹಜ, ಅಡ್ಜಸ್ಟರ್ ಮತ್ತೊಮ್ಮೆ ಬಿಗಿಯುವ ಮೊದಲು ಒಂದು ಡ್ರಮ್ಮನ್ನು ಬಿಚ್ಚಿ ಶೂ ನೋಡುವುದು ಉಚಿತ. ನಡುವಿನಲ್ಲಷ್ಟೇ ಒಂದು ಪಟ್ಟೆ ಹೊಳೆದು ತುದಿಗಳು ಹೊಸದರಂತೆಯೇ ಉಳಿದಿದ್ದರೆ ಬಾಗು ಇನ್ನೂ ಹೊಂದಿಲ್ಲ, ಶೂ ಮರಳಿ ಉಜ್ಜುವವರ ಬಳಿ ಹೋಗಬೇಕು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೈತುಂಬ ಒಂದೇ ತೆರನಾದ ಮಂಕು ಬೂದು ಹರಡಿದ್ದರೆ ಡ್ರಮ್ಮನ್ನು ಮುಚ್ಚಿ ಗಾಲಿಯ ನಟ್ಟುಗಳನ್ನು ಬಿಗಿಯಬಹುದು.